ಅಳಿಯನ ಬಟ್ಟಲಿನ ಗಂಡು

ಮಂಡೆಕೋಲಿನ ನಮ್ಮ ಹಳೆಯ ದನದ ಹಟ್ಟಿಯಲ್ಲಿ ನಾನು ಗೌಜಲ ಹಕ್ಕಿ ಸಾಕಲು ಹೊರಟು ಎರಡು ವರ್ಷವಾಯಿತು. ಹಕ್ಕಿ ಚಿಕ್ಕದು, ಕೆಲಸವೂ ಚಿಕ್ಕದು ಎಂದುಕೊಂಡಿದ್ದೆ. ಈಗ ಸೊಂಟ ನೋಯುತ್ತದೆ, ಮೂಗಿಗೆ ಹಿಕ್ಕೆಯ ವಾಸನೆ ಬಿಟ್ಟು ಬೇರೇನೂ ಹತ್ತುವುದಿಲ್ಲ. ಈ ಹೆಣ್ಣುಗಳೋ, ಮೊಟ್ಟೆ ಇಟ್ಟ ಮೇಲೆ ತಿರುಗಿಯೂ ನೋಡುವವಲ್ಲ. ಕಾವಿನ ಪೆಟ್ಟಿಗೆಯಲ್ಲಿಟ್ಟು, ದಿನಕ್ಕೆ ಮೂರು ಸಲ ಮಗುಚಿ, ಹದಿನೆಂಟು ದಿನ ಕಾಯಬೇಕಾದವಳು ನಾನು.

ಮೊದಮೊದಲು ನೂರು ಮೊಟ್ಟೆಗೆ ಎಪ್ಪತ್ತು ಮರಿ ಆಗುತ್ತಿದ್ದವು. ಆಮೇಲೆ ಐವತ್ತು, ಮೂವತ್ತು. ಕಳೆದ ಸಲ ಹನ್ನೊಂದು. ಬಿಸಿ ಹೆಚ್ಚಿಸಿದೆ, ತಗ್ಗಿಸಿದೆ, ನೀರಿನ ತಟ್ಟೆ ಬದಲಿಸಿದೆ. ಉಳಿದ ಮೊಟ್ಟೆ ಒಡೆದರೆ ಹೆಚ್ಚಿನವು ಬರೀ ಲೋಳೆ. ಇನ್ನೊಂದು ಸಲ ಹೀಗಾದರೆ ಗೂಡನ್ನು ನೆರೆಮನೆಯ ಸತ್ಯವತಿಯಕ್ಕನ ಕೋಳಿಗಳಿಗೆ ಕೊಟ್ಟು ಕೈ ತೊಳೆದುಕೊಳ್ಳುವುದೆಂದು ನಿಶ್ಚಯಿಸಿದೆ. ಆದರೂ ಮನಸ್ಸು ಒಪ್ಪುತ್ತಿರಲಿಲ್ಲ. ಮಗಳು ಸುಹಾನಾಳ ಮದುವೆಯಾದ ಮೇಲೆ ಈ ಮನೆಯಲ್ಲಿ ನನ್ನದೆಂದು ಇದ್ದದ್ದು ಅದೊಂದೇ.

ಕೊನೆಗೆ ಪಶುವೈದ್ಯೆ ಸಮನ್ವಿತಾ ಬಂದರು. ಪೆಟ್ಟಿಗೆಯ ಹತ್ತಿರವೂ ಹೋಗಲಿಲ್ಲ. ಗೂಡಿಗೆ ಕೈ ಹಾಕಿ ಗಂಡುಗಳನ್ನು ಒಂದೊಂದಾಗಿ ಎತ್ತಿ ಬಾಲದ ಬುಡ ಒತ್ತಿದರು. ಮರಿ ಹುಟ್ಟಿಸುವ ತಾಕತ್ತಿದ್ದರೆ ಅಲ್ಲಿ ಬಿಳಿ ನೊರೆ ಬರಬೇಕಂತೆ. ಆರರಲ್ಲಿ ಬಂದದ್ದು ಒಂದಕ್ಕೆ ಮಾತ್ರ.

"ಎಲ್ಲ ಇಷ್ಟಿಷ್ಟೇ ಉಂಟಲ್ಲ ಮುಫೀದಕ್ಕ. ದೊಡ್ಡ ಗಂಡುಗಳು ಎಲ್ಲಿ?"

"ಅಳಿಯನ ಬಟ್ಟಲಿಗೆ ಹೋಯ್ತು."

"ಎಂತ?"

"ಅಳಿಯ ಶುಕ್ರವಾರ ಊಟಕ್ಕೆ ಬರ್ತಾರೆ ಡಾಕ್ಟ್ರೇ. ಅವರಿಗೆ ನರಪೇತಲ ಬಡಿಸ್ಲಿಕ್ಕೆ ಆಗ್ತದಾ? ಹೆಣ್ಣು ಮೊಟ್ಟೆ ಇಡ್ತದೆ, ಅದನ್ನು ಕೊಯ್ಯುದಿಲ್ಲ. ಗಂಡಲ್ಲಿ ದೊಡ್ಡದು ನೋಡಿ ಎರಡು ಕೊಯ್ಯುದು."

ಅವರು ಹಣೆಗೆ ಕೈ ಹಚ್ಚಿಕೊಂಡರು. "ಒಳ್ಳೆಯದೆಲ್ಲ ಪಾತ್ರೆಗೆ, ಉಳಿದದ್ದು ಗೂಡಿಗೆ! ಎಂತ ಮಾಡಿದ್ರಿ ಮಾರಾಯ್ರೆ? ಈ ಒಂದನ್ನು ನಾಲ್ಕು ಹೆಣ್ಣಿನೊಟ್ಟಿಗೆ ಬೇರೆ ಹಾಕಿ. ಮತ್ತೆ ಬೇರೆ ಕಡೆಯ ಗಂಡು ತನ್ನಿ. ಒಂದೇ ಮನೆಯವು ಕೂಡಿ ಕೂಡಿಯೂ ಹೀಗಾಗ್ತದೆ."

ನಾಚಿಕೆಯಾಯಿತು. ಇಷ್ಟು ದಿನ ಪೆಟ್ಟಿಗೆಯನ್ನು ಬೈದಿದ್ದೆ. ಆ ಒಂದು ಗಂಡಿನ ಕಾಲಿಗೆ ಕೆಂಪು ನೂಲು ಕಟ್ಟಿ ಬೇರೆ ಗೂಡಿಗೆ ಹಾಕಿದೆ.

ಶುಕ್ರವಾರ ಬೆಳಿಗ್ಗೆ ಸುಹಾನಾಳ ಫೋನು: "ಉಮ್ಮ, ಜುಮಾ ನಮಾಝು ಮುಗಿಸಿ ಬರ್ತೇವೆ." ಗೂಡಿನ ಮುಂದೆ ನಿಂತೆ. ಇದ್ದುದರಲ್ಲಿ ಕೊಂಚ ಮೈ ಇದ್ದದ್ದು ಕೆಂಪು ನೂಲಿನದ್ದೊಂದೇ. ಹಿಡಿದೆ ಕೂಡ. ಅಂಗೈಯಲ್ಲಿ ಅದರ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅಳಿಯನ ಮುಂದೆ ಮರ್ಯಾದೆ ಹೋದರೆ ಹೋಗಲಿ ಎಂದು ಮತ್ತೆ ಒಳಗೆ ಬಿಟ್ಟೆ.

ತುಪ್ಪದನ್ನಕ್ಕೆ ಮೊಟ್ಟೆ ಸಾರು ಮಾಡಿದೆ. ತಲೆಯೆತ್ತದೆ ಬಡಿಸಿದೆ. ಅಳಿಯ ಶಾನವಾಝ್ ಮೂರು ಸಲ ಹಾಕಿಸಿಕೊಂಡರು. ತಡೆಯಲಾಗದೆ ಎಲ್ಲ ಹೇಳಿ, "ತಪ್ಪು ತಿಳ್ಕೊಳ್ಬೇಡಿ" ಎಂದೆ.

ಅವರು ಸುಹಾನಾಳ ಮುಖ ನೋಡಿದರು. ಆಮೇಲೆ ಮೆಲ್ಲಗೆ, "ಮಾಮಿ, ನನಗೆ ಈ ಹಕ್ಕಿಯ ಮಾಂಸ ಮೊದಲಿಂದಲೂ ಆಗುದಿಲ್ಲ. ಬೇಡ ಅಂದ್ರೆ ನಿಮಗೆ ಬೇಜಾರಾಗ್ತದೆ ಅಂತ ತಿಂತಿದ್ದೆ," ಎಂದರು.

ಸಿಟ್ಟು ಮಾಡಲೂ ನನ್ನಲ್ಲಿ ಶಕ್ತಿ ಇರಲಿಲ್ಲ. ಇನ್ನೊಂದು ಸೌಟು ಸಾರು ಹಾಕಿದೆ.

ತಿಂಗಳು ಕಳೆದು, ಕೆಂಪು ನೂಲಿನ ಗಂಡಿನಿಂದ ಇಪ್ಪತ್ತನಾಲ್ಕು ಮೊಟ್ಟೆಗೆ ಹತ್ತೊಂಬತ್ತು ಮರಿ ಆದವು. ಮುಂದಿನ ಶುಕ್ರವಾರ ಶಾನವಾಝ್ ಬಂದಾಗ ಕೈಯಲ್ಲಿ ಎಂದಿನ ಬೇಕರಿ ಡಬ್ಬಿ ಇರಲಿಲ್ಲ. ತೂತು ಮಾಡಿದ ರಟ್ಟಿನ ಪೆಟ್ಟಿಗೆ ಇತ್ತು, ಒಳಗೆ ಪರಪರ ಕೆರೆಯುವ ಸದ್ದು.

"ಗುತ್ತಿಗಾರಿನಿಂದ ತಂದದ್ದು ಮಾಮಿ. ಮೂರು ಗಂಡು. ಕೊಯ್ಲಿಕ್ಕೆ ಅಲ್ಲ."

ಒಂದನ್ನು ಎತ್ತಿ ಬಾಲದ ಬುಡ ಒತ್ತಿದೆ. ಬೆರಳಿಗೆ ಬಿಳಿ ನೊರೆ ಹತ್ತಿತು. ಅದನ್ನು ಒರೆಸಿಕೊಳ್ಳುವುದನ್ನೂ ಮರೆತು, ಅಳಿಯನ ಎದುರೇ ನಿಂತು ಅತ್ತುಬಿಟ್ಟೆ.