ಕೊಟ್ಟ ರಜೆ

"ಇವಳೇ ನೋಡಿ ನನ್ನ ತಂಗಿ. ಈ ಸಿನಿಮಾದವರಿಗೆ ಕೆಲಸ ಹೇಳ್ಕೊಟ್ಟೋಳು," ಎಂದು ಅಣ್ಣ ಬಾಗಿಲಲ್ಲಿ ಟಿಕೆಟ್ ಹರಿಯುವವನಿಗೂ ಹೇಳಿದ. ಅವನು ಹೂಂಗುಟ್ಟಿ ಹಿಂದಿನವರ ಟಿಕೆಟ್ಟಿಗೆ ಕೈ ಚಾಚಿದ. ಅಣ್ಣನಿಗೆ ಅಷ್ಟೇ ಸಾಕಾಗಿತ್ತು. ಮದುವೆಗೆ ಹೊಲಿಸಿದ ಕೋಟನ್ನು ಹುಡುಕಿ ತೆಗೆದು ಹಾಕಿಕೊಂಡಿದ್ದ. ಹೊಟ್ಟೆಯ ಹತ್ತಿರ ಗುಂಡಿ ಕೂಡುತ್ತಿರಲಿಲ್ಲ. ಡ್ರೈವಿಂಗ್ ಸ್ಕೂಲಿನವನು, ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಕಲಿಯುವವರಿಗೆ ಬೈದು ಬೈದು ಗಂಟಲು ಒಡಕಾಗಿತ್ತು. ಇವತ್ತು ಮಾತ್ರ ಆ ಗಂಟಲಿನಿಂದ ಬರೀ ಬೆಣ್ಣೆಯಂಥ ಮಾತೇ ಬರುತ್ತಿತ್ತು. ಹೊರದೇಶದ ಪ್ರೇಕ್ಷಕರಿಗಾಗಿ ಹೊಸ ಜಪಾನಿ ಚಿತ್ರಗಳ ಉತ್ಸವ ಎಂದು ಬರೆದ ಬೋರ್ಡಿನ ಪಕ್ಕ ತಂಗಿಯನ್ನು ನಿಲ್ಲಿಸಿ ಫೋಟೋ ತೆಗೆದ. ಅವಳು ನಗಲಿಲ್ಲ. ನಗೇ ಎಂದು ಗದರಿಸಿದ ಮೇಲೆ ಹಲ್ಲು ತೋರಿಸಿದಳು.

ಅವಳನ್ನು ಬೀದಿಯವರೆಲ್ಲ ಜಪಾನಕ್ಕ ಎನ್ನುತ್ತಿದ್ದರು. ಆ ದೇಶದ ವೃದ್ಧಾಶ್ರಮವೊಂದರಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದವರನ್ನು ಎತ್ತಿ, ತೊಳೆದು, ಮಗ್ಗುಲು ಬದಲಿಸಿ, ಕೊನೆಗೆ ತನ್ನ ಸೊಂಟವೇ ಹೋದ ಮೇಲೆ ಅಣ್ಣನ ಮನೆಗೆ ಬಂದು ಸೇರಿದ್ದಳು. ಬಿಟ್ಟು ಬಂದ ಕೆಲಸ ಇಲ್ಲೂ ಕಾದು ಕೂತಿತ್ತು. ಅತ್ತಿಗೆಯ ತಾಯಿಗೆ ಪಾರ್ಶ್ವವಾಯು; ನಿನ್ನದು ಪಳಗಿದ ಕೈ ಎಂದಳು ಅತ್ತಿಗೆ, ಅಲ್ಲಿಗೆ ಮಾತು ಮುಗಿಯಿತು. ಜಪಾನಕ್ಕನಿಗೆ ಅದರಿಂದೇನೂ ಬೇಜಾರಿರಲಿಲ್ಲ. ಅಣ್ಣ ತನ್ನನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಾನಲ್ಲ, ಅದೊಂದನ್ನು ನಂಬಿ ಅವಳು ಆ ಮನೆಯಲ್ಲಿದ್ದಳು. ಬಂದವರಿಗೆಲ್ಲ ಅವನು ಹೇಳುತ್ತಿದ್ದ ಕತೆ ಒಂದೇ. ಅಮ್ಮ ಸಾಯುವಾಗ ತಂಗಿ ರಜೆಗಾಗಿ ಗೋಗರೆದಳಂತೆ, ಆ ಕಲ್ಲೆದೆಯ ಮ್ಯಾನೇಜರ್ ಬಿಡಲೇ ಇಲ್ಲವಂತೆ. ಕೇಳಿದವರು ಲೊಚಗುಟ್ಟುತ್ತಿದ್ದರು. ಅವಳು ಎದ್ದು ಒಳಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಮ್ಯಾನೇಜರ್ ಕೇಳಿದ ದಿನವೇ ರಜೆ ಕೊಟ್ಟಿದ್ದರು. ಪಾಪ, ಆಯಮ್ಮ ತಮ್ಮ ಗಾಲಿಯ ಸೂಟ್‌ಕೇಸನ್ನೇ ತಂದು ರೂಮಿನ ಬಾಗಿಲಲ್ಲಿ ಇಟ್ಟು ಹೋಗಿದ್ದರು. ಹೋಗದೆ ಉಳಿದವಳು ಇವಳೇ. ರಜೆ ಸಿಗಲಿಲ್ಲವೆಂದು ಅಣ್ಣನಿಗೆ ಫೋನಿನಲ್ಲಿ ಹೇಳಿ, ಸೂಟ್‌ಕೇಸನ್ನು ಒರೆಸಿ ವಾಪಸ್ ಕೊಟ್ಟಿದ್ದಳು.

ಈ ವಿಷಯ ಅವಳು ಬಾಯಿಬಿಟ್ಟದ್ದು ಒಬ್ಬಳ ಮುಂದೆ ಮಾತ್ರ, ಆ ಸಿನಿಮಾದ ನಿರ್ದೇಶಕಿಯ ಮುಂದೆ. ಚಿತ್ರೀಕರಣಕ್ಕೆ ಮೊದಲು ಆ ಹುಡುಗಿ ವೃದ್ಧಾಶ್ರಮಕ್ಕೆ ದಿನಾ ಬರುತ್ತಿದ್ದಳು. ರೋಗಿಯನ್ನು ಎತ್ತುವುದು ಹೇಗೆ, ಬೆನ್ನಿಗೆ ದಿಂಬು ಕೊಡುವುದು ಹೇಗೆ ಎಂದು ನಟಿಗೆ ಜಪಾನಕ್ಕನೇ ಕಲಿಸಿದ್ದಳು. ಒಂದು ಮಧ್ಯಾಹ್ನ ಬಟ್ಟೆ ಒಗೆಯುವ ಕೋಣೆಯ ಹಿಂದೆ ಬೆಂಚಿನ ಮೇಲೆ ಕೂತಿದ್ದಾಗ ಎಲ್ಲವನ್ನೂ ಹೇಳಿಬಿಟ್ಟಳು. ಪರಭಾಷೆಯಲ್ಲಿ ಹೇಳಿಕೊಂಡರೆ ತಪ್ಪು ಅರ್ಧ ಬೇರೆಯವರದು ಅನ್ನಿಸುತ್ತದೆ. ಹುಡುಗಿ ಮೋಸ ಮಾಡಲಿಲ್ಲ, ಇದನ್ನು ಬಳಸಿಕೊಳ್ಳಲೇ ಎಂದು ಕೇಳಿಯೇ ಕೇಳಿದಳು. ಬಳಸಿಕೋ, ನಮ್ಮ ಕಡೆ ಇದನ್ನೆಲ್ಲ ಯಾರು ನೋಡುತ್ತಾರೆ ಎಂದು ಇವಳೇ ನಕ್ಕಿದ್ದಳು. ಇಂಥ ಸಿನಿಮಾಗಳನ್ನು ಪೆಟ್ಟಿಗೆ ಕಟ್ಟಿ ದೇಶದೇಶಕ್ಕೆ ಕಳಿಸಿ, ನಮ್ಮ ಭಾಷೆಯ ಅಕ್ಷರ ಅಂಟಿಸಿ ತೋರಿಸುತ್ತಾರೆಂದು ಅವಳೇನು ಕನಸು ಕಂಡಿದ್ದಳೆ?

ಉತ್ಸವದವರ ಫೋನು ಬಂದಾಗ ಎತ್ತಿದವನು ಅಣ್ಣ. ಅಲ್ಲಿಗೆ ಅವಳ ಕೈ ಕಟ್ಟಿಹೋಯಿತು. ಸಿನಿಮಾ ಮುಗಿದ ಮೇಲೆ ವೇದಿಕೆಗೆ ಕರೆದು ಮಾತಾಡಿಸುತ್ತಾರಂತೆ ಎಂದು ಅವನು ಬೀದಿಗೆಲ್ಲ ಡಂಗುರ ಹೊಡೆದ. ಅದು ಬಲು ನಿಧಾನದ ಸಿನಿಮಾ, ಹಾಡಿಲ್ಲ, ಹೊಡೆದಾಟವಿಲ್ಲ, ನಿನಗೆ ನಿದ್ದೆ ಬರುತ್ತದೆ ಎಂದು ಅವಳು ತಪ್ಪಿಸಲು ನೋಡಿದಳು. ಅವನು ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ. ಬೆಂಚಿನ ಮಾತು ಕತ್ತರಿಗೆ ಸಿಕ್ಕಿ ಹೋಗಿರಲಪ್ಪಾ ಎಂದು ಅವಳು ಕಂಡಕಂಡ ದೇವರಿಗೆಲ್ಲ ಬೇಡಿಕೊಂಡಳು.

ಸಿನಿಮಾ ಚೆನ್ನಾಗಿತ್ತು, ಅದೇ ಗ್ರಹಚಾರ. ಅಣ್ಣನಿಗೆ ನಿದ್ದೆ ಬರಲಿಲ್ಲ. ಅವನಿಗೆ ಮನಸ್ಸಿನಲ್ಲೇ ಓದಿಕೊಳ್ಳುವುದು ಗೊತ್ತಿಲ್ಲ. ಪರದೆಯ ಕೆಳಗೆ ಅಕ್ಷರ ಬಂದಂತೆಲ್ಲ ಸಣ್ಣ ದನಿಯಲ್ಲಿ ಒದರಿಕೊಳ್ಳುತ್ತಿದ್ದ. ಮುಂದಿನ ಸಾಲಿನವರು ತಿರುಗಿ ತಿರುಗಿ ನೋಡಿದರೂ ಅವನಿಗೆ ಲಕ್ಷ್ಯವಿಲ್ಲ. ನಟಿ ಮುದುಕನೊಬ್ಬನನ್ನು ಎತ್ತಿ ಕೂರಿಸಿದಾಗ ತಂಗಿಯನ್ನು ಮೊಣಕೈಯಲ್ಲಿ ತಿವಿದು, ಥೇಟ್ ನೀನೇ ಕಣೇ ಎಂದು ಪಿಸುಗುಟ್ಟಿದ.

ಆಮೇಲೆ ಬೆಂಚು ಬಂತು. ನಟಿ ಕೂತಳು, ಕೈ ಒರೆಸಿಕೊಂಡಳು, ಬಾಯಿ ತೆರೆದಳು. ಜಪಾನಕ್ಕನಿಗೆ ಮಾತು ಮೊದಲು ಕೇಳಿಸಿತು. ಅಕ್ಷರ ಬರಲು ಇನ್ನೂ ಒಂದು ಉಸಿರು ಬಾಕಿಯಿತ್ತು. ಬರೆದವರು ತಪ್ಪು ಬರೆದಿರಲಿ, ಕರೆಂಟು ಹೋಗಲಿ, ಅಣ್ಣನಿಗೆ ಕೆಮ್ಮು ಬರಲಿ ಎಂದು ಆ ಒಂದು ಉಸಿರಿನಲ್ಲಿ ಏನೇನೋ ಬಯಸಿದಳು. ಅಕ್ಷರ ಬಂತು. ಅಣ್ಣ ಓದಿದ.

"ರಜೆ ಕೊಟ್ಟರು. ನಾನೇ ಹೋಗಲಿಲ್ಲ."

ಅವನಿಗಿನ್ನೂ ಅರ್ಥವಾಗಿರಲಿಲ್ಲ. ಓದುವ ಭರದಲ್ಲಿ ಮುಂದಿನದನ್ನೂ ಓದಿದ.

"ಹೋದರೆ ಅಣ್ಣ ಮತ್ತೆ ಕಳಿಸುವುದಿಲ್ಲ. ಅಮ್ಮ ಹೇಗೂ ಸಾಯುತ್ತಾಳೆ. ಜೊತೆಗೆ ನಾನೂ ಯಾಕೆ..."

ಅಲ್ಲಿಗೆ ಅವನ ದನಿ ನಿಂತಿತು. ಆಮೇಲೆ ಸಿನಿಮಾ ಮುಗಿಯುವವರೆಗೂ ಅವನು ಒಂದಕ್ಷರ ಓದಲಿಲ್ಲ. ಮುಂದಿನ ಸಾಲಿನವರು ಸದ್ಯ ಎಂದುಕೊಂಡಿರಬೇಕು.

ದೀಪ ಹತ್ತಿದ ಮೇಲೆ ಅವಳನ್ನು ವೇದಿಕೆಗೆ ಕರೆದರು. ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಕನ್ನಡಕದ ಹೆಂಗಸೊಬ್ಬಳು ಎದ್ದು ನಿಂತು, ಬೆಂಚಿನ ಮೇಲಿನ ಆ ಮಾತು ನಿಜವಾಗಿ ನಡೆದದ್ದೋ ಅಥವಾ ಸಿನಿಮಾಕ್ಕೆಂದು ಸೇರಿಸಿದ್ದೋ ಎಂದು ಕೇಳಿದಳು. ಜಪಾನಕ್ಕ ಅಣ್ಣನ ಕಡೆ ನೋಡಿದಳು. ಅವನು ತಲೆಯೆತ್ತಿ ಅವಳನ್ನೇ ನೋಡುತ್ತಿದ್ದ. ಸೇರಿಸಿದ್ದು ಅಂತ ಹೇಳೇ, ನಂಬುತ್ತೇನೆ ಎಂಬಂತಿತ್ತು ಅವನ ಮುಖ. ಹೇಳಿದ್ದರೆ ನಂಬಿಯೂ ಬಿಡುತ್ತಿದ್ದ. ಅವಳ ನಾಲಿಗೆಯ ತುದಿಗೆ ಬಂದೂ ಬಂದಿತ್ತು. ಆದರೆ ಅಷ್ಟು ವರ್ಷ ಹೊತ್ತ ಸುಳ್ಳನ್ನು ಮೈಕಿನ ಮುಂದೆ ಹೊಸದಾಗಿ ಹುಟ್ಟಿಸುವುದು ಅವಳಿಂದಾಗಲಿಲ್ಲ.

"ನಿಜ," ಎಂದಳು. "ನಾನೇ ಹೋಗ್ಲಿಲ್ಲ."

ಸಭೆ ಚಪ್ಪಾಳೆ ತಟ್ಟಿತು. ಎಂಥ ಜನವೋ, ತಾಯಿಯನ್ನು ನೋಡಲು ಹೋಗದವಳಿಗೂ ಚಪ್ಪಾಳೆ. ಕನ್ನಡಕದ ಹೆಂಗಸು ಕಣ್ಣೊರೆಸಿಕೊಂಡು ಬಂದು, ನಿಮ್ಮ ಪ್ರಾಮಾಣಿಕತೆ ದೊಡ್ಡದು ಎಂದು ಅವಳ ಎರಡೂ ಕೈ ಹಿಡಿದುಕೊಂಡಳು. ಅಷ್ಟು ಹೊತ್ತಿಗೆ ಅಣ್ಣ ಕಾರು ತೆಗೆಯಲು ಹೋಗಿದ್ದ.

ಡ್ರೈವಿಂಗ್ ಸ್ಕೂಲಿನದೇ ಕಾರು. ಅವಳು ಮುಂದೆ ಕೂತಳು. ಕಾಲಿನ ಹತ್ತಿರ ಕಲಿಸುವವರ ಬ್ರೇಕು ಇತ್ತು, ತಾಗದಂತೆ ಪಾದ ಹಿಂದೆಳೆದುಕೊಂಡಳು. ಅಡ್ಡ ಬಂದವರನ್ನು ಬೈಯದೆ ಅವನು ಕಾರು ಓಡಿಸಿದ್ದನ್ನು ಅವಳು ನೋಡಿದ್ದು ಅದೇ ಮೊದಲು. ಸಿಗ್ನಲ್ಲಿನಲ್ಲಿ ನಿಂತಾಗ ಮಾತಾಡಿದ.

"ಅಮ್ಮ ಕೊನೇವರೆಗೂ ನಿನ್ನ ಒಂದು ಮಾತು ಅನ್ನಲಿಲ್ಲ. ಆ ಮ್ಯಾನೇಜರ್‌ಗೆ ಶಾಪ ಹಾಕ್ತಾ ಹಾಕ್ತಾನೇ ಹೋದ್ಲು."

ಸೂಟ್‌ಕೇಸ್ ತಂದಿಟ್ಟ ಆ ಪುಣ್ಯಾತ್ಗಿತ್ತಿಯ ಮೇಲೆ ಶಾಪ. ಭಯ ಆಗಿತ್ತು ಕಣೋ ಎಂದಳು ಜಪಾನಕ್ಕ.

"ಏನ್ ಭಯ? ಬಂದಿದ್ರೆ ಕಾರ್ಯ ಮುಗಿಸ್ಕೊಂಡು ನಾನೇ ಕಳಿಸಿಕೊಡ್ತಿದ್ದೆ."

ಕಳಿಸುತ್ತಿದ್ದನೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ. ಅವಳು ಮೊದಲ ಸಲ ಹೊರಟಾಗ, ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಳ್ಳುವವರು ಯಾರು ಎಂದು ಪಾಸ್‌ಪೋರ್ಟನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟವನು ಇದೇ ಅಣ್ಣ. ಅದನ್ನು ಎತ್ತಿ ಆಡಬಹುದಿತ್ತು. ಆದರೆ ಅಮ್ಮ ಸತ್ತದ್ದು ಸತ್ತದ್ದೇ, ತಾನು ಬರದೆ ಉಳಿದದ್ದು ಉಳಿದದ್ದೇ.

ಮನೆಯಲ್ಲಿ ಅತ್ತಿಗೆ ಬಾಗಿಲಲ್ಲೇ ಕಾಯುತ್ತಿದ್ದಳು. ಚಪ್ಪಾಳೆ ಬಿತ್ತಾ, ಫೋಟೋ ತೆಗೆದರಾ ಎಂದು ಕೇಳಿದಳು. ತುಂಬಾ ಚಪ್ಪಾಳೆ ಬಿತ್ತು ಎಂದು ಅಣ್ಣ ಕೋಟು ಬಿಚ್ಚಿ ಕುರ್ಚಿಯ ಮೇಲೆ ಎಸೆದ. ಏನೋ ಆಗಿದೆ ಎಂದು ಅತ್ತಿಗೆಗೆ ತಿಳಿಯಿತು, ಕೇಳಲು ಧೈರ್ಯ ಬರಲಿಲ್ಲ. ನಮ್ಮಮ್ಮನಿಗೆ ಮಗ್ಗುಲು ಬದಲಿಸುವ ಹೊತ್ತಾಯಿತಲ್ಲ ಎಂದು ಸುಮ್ಮನೆ ಅಂದಳು. ಜಪಾನಕ್ಕ ತೋಳೇರಿಸಿಕೊಂಡು ಒಳಕೋಣೆಗೆ ನಡೆದಳು. ಅಣ್ಣ ಹಿಂದೆಯೇ ಬಂದು ಅವಳನ್ನು ದಾಟಿ ಮಂಚದ ಹತ್ತಿರ ನಿಂತ.

"ನೀನು ಬಿಡು. ಇಲ್ಲಿ ನಿನ್ನ ಯಾರೂ ಕಟ್ಟಿಹಾಕಿಲ್ಲ. ಎಲ್ಲಿಗೆ ಬೇಕಾದ್ರೂ ಹೋಗು, ರಜೆ ಕೇಳ್ಬೇಕಾಗಿಲ್ಲ."

ಒಂದು ದಿನವೂ ಅತ್ತೆಯ ಮೈ ಮುಟ್ಟಿದವನಲ್ಲ. ಬಗ್ಗಿ ಮುದುಕಿಯ ತೋಳಿಗೆ ಕೈ ಹಾಕಿ ಎಳೆದ. ಹಾಗೆ ಎಳೆಯಬಾರದು, ಮೊದಲು ಮಂಡಿ ಮಡಿಸಬೇಕು. ಜಪಾನಕ್ಕ ಬಾಗಿಲಿಗೆ ಹಿಂದೆ ಸರಿದು ನಿಂತಳು. ಮುದುಕಿ ನರಳಿದಳು. ಅವಳಿಗೆ ಮಾತು ಹೋಗಿ ಎಷ್ಟೋ ಕಾಲವಾಗಿತ್ತು, ಆಡುತ್ತಿದ್ದದ್ದು ಎಡಗೈ ಒಂದೇ. ಅಳಿಯನ ಬೆನ್ನ ಮೇಲಿಂದ ಆ ಕೈ ಚಾಚಿಕೊಂಡು ಬಾಗಿಲ ಕಡೆ ಜಪಾನಕ್ಕನನ್ನು ಹುಡುಕುತ್ತಿತ್ತು.