ಅಂತೆ ಮಾವನ ಕಳ್ಳ

ಅವರ ಮಾತೆಲ್ಲ ‘ಅಂತೆ’ಯಲ್ಲಿ ಮುಗಿಯುತ್ತಿತ್ತು. ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಕುರ್ಚಿ ಹಾಕಿಕೊಂಡು, ‘ನೀವು ಒಳಗೆ ಹೋಗಬೇಕಂತೆ’, ‘ಬಿಸಿಯದೇನೂ ಕುಡಿಯಬಾರದಂತೆ’ ಎಂದು ಒಳಗಿನ ಮಾತನ್ನು ಹೊರಗೆ ದಾಟಿಸುತ್ತ ದಾಟಿಸುತ್ತ, ಆ ಬಾಲ ಅವರ ಸ್ವಂತ ಮಾತಿಗೂ ಅಂಟಿಕೊಂಡುಬಿಟ್ಟಿತ್ತು. ಊಟದ ಹೊತ್ತಿಗೆ ‘ಹೊಟ್ಟೆ ಹಸಿದಿದೆಯಂತೆ’ ಎನ್ನುವರು. ‘ಯಾರ ಹೊಟ್ಟೆಯೋ?’ ಎಂದು ಅಕ್ಕ ಕೇಳಿದರೆ ತಡವರಿಸುವರು. ಹಾಗಾಗಿ ಅಕ್ಕನ ಮಗಳಿಗೆ ಮಾತ್ರವಲ್ಲ, ಬೀದಿಗೆಲ್ಲ ಅವರು ಅಂತೆ ಮಾವ. ನಡಿಗೆಯೂ ಹಾಗೆಯೇ; ಎದುರಿಗೆ ಯಾರೂ ಇಲ್ಲದಿದ್ದರೂ ದಾರಿ ಬಿಡುವವರ ಹಾಗೆ ಒಂದು ಭುಜವನ್ನು ಹಿಂದೆ ಸರಿಸಿಕೊಂಡು ಗೋಡೆಯ ಬದಿಯಲ್ಲೇ ಸಾಗುವರು.

ಇಂಥವರಿಗೆ ಒಂದು ಆಟದ ಹುಚ್ಚು ಹಿಡಿಯಿತು! ಭಾನುವಾರ ಟೈಲರ್ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಿಂದ ಕೋಟೆ ಬರೆದು ಅಕ್ಕನ ಮಗಳು ಆಡಿಸುತ್ತಿದ್ದ ಆಟ. ಆಡುವವರು ಒಂದೊಂದು ಪಾತ್ರ ಕಟ್ಟಿಕೊಂಡು ಅದರ ಬಾಯಿಂದಲೇ ಮಾತಾಡಬೇಕು; ಅವರ ಸಾಹಸ ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಟೈಲರ್ ತನ್ನ ಕತ್ತಿವೀರನನ್ನು ವರ್ಷದಿಂದ ಮಗನಂತೆ ಸಾಕಿದ್ದ. ಪಾತ್ರ ಸತ್ತರೆ ಸತ್ತಂತೆಯೇ, ಮರಳುವುದಿಲ್ಲ.

ಮಾವ ಕಟ್ಟಿದ್ದು ಒಬ್ಬ ಕಳ್ಳನನ್ನು. ಅಬ್ಬಾ, ಎಂಥ ಶ್ರದ್ಧೆ! ಬಲಕ್ಕೆಷ್ಟು, ಚುರುಕಿಗೆಷ್ಟು ಎಂದು ಅಂಕ ಹಂಚಿ, ಅಳಿಸಿ, ಮತ್ತೆ ಬರೆದು ಹಾಳೆಯೇ ತೂತಾಯಿತು. ಕಳ್ಳ ಎಡಚ, ಬೆಕ್ಕು ಕಂಡರೆ ಅವನಿಗೆ ಸೀನು, ಕದ್ದ ಮನೆಯ ಬಾಗಿಲು ಮುಚ್ಚದೆ ಹೊರಡುವವನಲ್ಲ. ‘ಗೋಡೆ ಹತ್ತೋಕೆ ಬೂಟು ಒಳ್ಳೇದಂತಾ, ಬರಿಗಾಲಂತಾ?’ ಎಂದು ಬಾಯಿತುಂಬ ಹತ್ತಿ ಕಚ್ಚಿಕೊಂಡು ಕೂತ ರೋಗಿಯನ್ನೂ ಕೇಳಿದರು. ಪಾಪ, ಅವನು ತನ್ನ ಬರಿಗಾಲು ತೋರಿಸಿದ.

ಆಟದ ದಿನ ಅಂಗಿಯ ಕಪ್ಪು ಗುಂಡಿಯೊಂದು ಕಳ್ಳನಾಗಿ ಗೋಡೆಯ ಮೇಲೆ ಕೂತಿತು. ಕತ್ತಿವೀರ ಇನ್ನೂ ಕೆಳಗೆ, ಒಣಗಿದ ಕಂದಕದಲ್ಲಿದ್ದ.

‘ಕಳ್ಳರು ಬಂದಿದ್ದಾರಂತೆ’ ಎಂದರು ಮಾವ, ಗೌರವದಿಂದ.

‘ಎಷ್ಟು ಜನ ಮಾವ?’ ಎಂದಳು ಆಟ ಆಡಿಸುತ್ತಿದ್ದ ಹುಡುಗಿ.

‘ಒಬ್ಬರೇ ಅಂತೆ ಪುಟ್ಟಿ.’

‘ಕಾವಲುಗಾರನಿಗೆ ಹಾಗೆ ಕೇಳಿಸಲಿಲ್ಲ. ಕಳ್ಳರ ದಂಡೇ ಬಂತು ಅಂತ ಗಂಟೆ ಹೊಡೆದುಬಿಟ್ಟ. ಕಂದಕಕ್ಕೆ ನೀರು ಬಿಟ್ಟರು!’

ಟೈಲರ್ ಹಣೆ ಚಚ್ಚಿಕೊಂಡ. ‘ನಿಮ್ಮ ಮರ್ಯಾದೆಗಿಷ್ಟು! ಹಗ್ಗ ಬಿಡಿ ಮಾವ!’

‘ಹಗ್ಗ ಬಿಡ್ತಾರಂತೆ…’

‘ಅಂತೆ ಅಂದ್ರೆ ಗಾಳಿಸುದ್ದಿ’ ಎಂದಳು ಹುಡುಗಿ, ಕರುಣೆಯಿಲ್ಲದೆ. ‘ಗಾಳಿಸುದ್ದಿ ಹಗ್ಗ ಹಿಡಿಯಲ್ಲ. ನೀರು ಎದೆಮಟ್ಟ ಬಂತು.’

ಟೈಲರನ ಮುಖದಲ್ಲಿ ನಗು ಉಳಿದಿರಲಿಲ್ಲ.

‘ಗಂಟಲಿಗೆ ಬಂತು.’

ಕುರ್ಚಿ ದಡಕ್ಕನೆ ಹಿಂದೆ ಬಿತ್ತು. ‘ಹಿಡ್ಕೊಳ್ಳೋ ದಡ್ಡ! ನಾನಿದ್ದೀನಲ್ಲ ಇಲ್ಲಿ! ನಾನು ಎಳೀತೀನಿ!’ ಎಂದು ಗುಡುಗಿ ಮಾವ ದಾಳ ಎಸೆದರು, ಎಂದೂ ಬಳಸದ ಎಡಗೈಯಲ್ಲಿ. ದಾಳ ಮೇಜಿನಾಚೆ ಹಾರಿ ಚಿಂದಿಬಟ್ಟೆಯ ರಾಶಿಯಲ್ಲಿ ಮಾಯವಾಯಿತು. ಮೂವರೂ ಮೊಣಕಾಲೂರಿ ಕೆದಕಿದರು. ಸಿಕ್ಕಿತು, ಬೇಕಾದಷ್ಟೇ ಬಿದ್ದಿತ್ತು!

‘ಬದುಕಿದ!’ ಎಂದು ಟೈಲರ್ ಅವರನ್ನು ಅಪ್ಪಿಕೊಂಡ. ‘ಅದ್ಸರಿ, ದಡ್ಡ ಅಂದ್ರಲ್ಲ ನನ್ನ?’

‘ಅಯ್ಯೋ, ಅಂದಿದ್ದು ಕಳ್ಳ.’

‘ಕಳ್ಳ ಯಾರು?’

‘ನಾನೇ ಕಣಯ್ಯಾ!’ ಎಂದು ಮಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಇತರರ ಮಾತು ಹೊತ್ತು ಬದುಕುವವರು ಎಲ್ಲ ಕಡೆಯೂ ಇದ್ದಾರೆ. ಅವರಿಗೆ ಸ್ವಂತ ದನಿಯೇ ಇಲ್ಲವೆಂದು ಲೋಕ ನಂಬಿಬಿಡುತ್ತದೆ. ವೇಷ ಹಾಕುವುದು ಮುಖ ಮುಚ್ಚಿಕೊಳ್ಳಲು ಎಂಬ ಮಾತು ಧೈರ್ಯಸ್ಥರಿಗೆ ಒಪ್ಪಬಹುದೇನೋ. ಸಂಕೋಚದವರು ಮಾತ್ರ ಇನ್ನೊಬ್ಬನನ್ನು ಅಷ್ಟು ಜತನದಿಂದ ಕಟ್ಟುವುದು, ಅವನ ಹೆಗಲೇರಿ ನಿಂತು, ಗೋಡೆಯಾಚೆಗೆ ಒಮ್ಮೆಯಾದರೂ ತಮ್ಮದೇ ಗಂಟಲಲ್ಲಿ ಕೂಗಲು.