ಸೀಗೆಕೆರೆ ಕಟ್ಟಿಸಿದವರು ಯಾರು?

ಸುಕನ್ಯಳ ಕೆಲಸ ಕೇಳಿದರೆ ಎಂಥವರಿಗೂ ಹೊಟ್ಟೆಕಿಚ್ಚಾಗಬೇಕು. ಸಿ.ವಿ. ರಾಮನ್ ನಗರದ ಆಫೀಸೊಂದರಲ್ಲಿ ಕೂತು, ಜನರ ಮೊಬೈಲಿಗೆ ದಿನಾ ಬೆಳಿಗ್ಗೆ ಏಳಕ್ಕೆ ಹೋಗುವ ಕ್ವಿಜ್ ಪ್ರಶ್ನೆಗಳನ್ನು ಪಾಸು ಮಾಡುವುದು. ಮೊದಲು ತಾನೇ ಬರೆಯುತ್ತಿದ್ದಳು. ಈಗ ಕಂಪ್ಯೂಟರೇ ಬರೆದು ಗುಡ್ಡೆ ಹಾಕುತ್ತದೆ, ಇವಳು ನೋಡಿ ಗುಂಡಿ ಒತ್ತಬೇಕು. ದಿನಕ್ಕೆ ಇನ್ನೂರು. ಸಾಮ್ರಾಜ್ಯ ಮುಳುಗಿದರೂ ನಾಲ್ಕು ಆಯ್ಕೆ, ಸಿನಿಮಾ ನಟಿ ಮದುವೆಯಾದರೂ ನಾಲ್ಕು ಆಯ್ಕೆ. ಒಂದು ಕಾಲಕ್ಕೆ ಇದಕ್ಕೆಲ್ಲ ನಗು ಬರುತ್ತಿತ್ತು. ಈಗ ಏನೂ ಬರುವುದಿಲ್ಲ.

ಆ ಬುಧವಾರ ನೂರಹದಿನಾಲ್ಕನೆಯದಾಗಿ ಬಂದದ್ದು ಸೀಗೆಕೆರೆಯನ್ನು ಕಟ್ಟಿಸಿದವರು ಯಾರು ಎಂಬ ಪ್ರಶ್ನೆ. ಉತ್ತರ, ಕರ್ನಲ್ ಹಾರ್ಡ್‌ವಿಕ್.

ಸೀಗೆಕೆರೆ ಇರುವುದು ಕೆ.ಆರ್. ಪುರದಾಚೆ, ಇವಳದೇ ಊರಿನಲ್ಲಿ. ಏರಿ ಹಾಕಿಸಿದ್ದು ಇವರ ಮನೆಯ ಹಿರೀಕ ದೊಡ್ಡಪಿಳ್ಳಪ್ಪ. ಹೊಸ ರಾಗಿ ಮನೆಗೆ ಬಂದಾಗ ಮೊದಲ ಮುದ್ದೆ ಅವನ ಹೆಸರಿನಲ್ಲಿ ಕೆರೆಯ ತೂಬಿಗೆ ಎಡೆ. ಹೊಲಗಳೆಲ್ಲ ಸೈಟಾಗಿ ರಾಗಿ ಪ್ಯಾಕೆಟ್ಟಿನಲ್ಲಿ ಬರತೊಡಗಿದ ಮೇಲೂ ಅಜ್ಜಿ ಬೈರಮ್ಮ ಅದನ್ನು ಬಿಟ್ಟಿಲ್ಲ. ಕರ್ನಲ್ ಸಾಹೇಬ ಎಂದೋ ಒಡೆದ ಏರಿಗೆ ನಾಲ್ಕು ಗಾಡಿ ಮಣ್ಣು ಹಾಕಿಸಿ, ತನ್ನ ಹೆಸರಿನ ಕಲ್ಲು ನೆಡಿಸಿಕೊಂಡು ಹೋಗಿದ್ದ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಸುಕನ್ಯ ಎದ್ದು ಟೀಮ್ ಲೀಡ್ ನಿತೀಶನ ಬಳಿ ಹೋದಳು.

“ಈ ಆನ್ಸರ್ ತಪ್ಪು ನಿತೀಶ್. ಇದು ನಮ್ಮೂರ ಕೆರೆ.”

“ಸೋರ್ಸ್ ಇದ್ಯಾ?”

“ನಮ್ಮಜ್ಜಿ.”

ನಿತೀಶ್ ಕೆಟ್ಟವನಲ್ಲ, ನಗಲಿಲ್ಲ. “ಅಜ್ಜಿಗೆ ಲಿಂಕ್ ಇಲ್ವಲ್ಲ ಸುಕನ್ಯ. ಬೇಡ ಅನ್ಸಿದ್ರೆ ರಿಜೆಕ್ಟ್ ಮಾಡು. ಒಂದು ಫಾರ್ಮ್ ತುಂಬ್ಬೇಕು, ಅಷ್ಟೇ.”

ಫಾರ್ಮಿನಲ್ಲಿ ಹನ್ನೊಂದು ಖಾನೆಗಳಿದ್ದವು. ಗಂಟೆ ನಾಲ್ಕೂವರೆ, ಇನ್ನೂ ಎಂಬತ್ತಾರು ಪ್ರಶ್ನೆ ಬಾಕಿ. ಸುಕನ್ಯ ಪಾಸು ಮಾಡಿದಳು. ಎದೆ ಝಲ್ಲೆನ್ನಬೇಕಿತ್ತು, ಅನ್ನಲಿಲ್ಲ. ಮುಂದಿನದು ಯಾವುದೋ ಹಳೆಯ ಸೋಪಿನ ಜಾಹೀರಾತಿನ ಬಗ್ಗೆ.

ಏರಿಯಾ ನೋಡಿ ಪ್ರಶ್ನೆ ಕಳಿಸುವ ಜಾಣ ಆ್ಯಪ್ ಸುಕನ್ಯಳ ಆಫೀಸಿನದು. ಶುಕ್ರವಾರ ಬೆಳಿಗ್ಗೆ ತಿಂಡಿಗೆ ಕೂತಾಗ ತಂಗಿ ಭವ್ಯ ಮೊಬೈಲು ಹಿಡಿದು ಕೂಗಿದಳು. “ಅಜ್ಜಿ, ಕ್ವಿಜ್ಜಲ್ಲಿ ನಮ್ ಸೀಗೆಕೆರೆ ಬಂದಿದೆ. ಕಟ್ಸಿದ್ದು ಯಾರು ಅಂತ ಕೇಳವ್ರೆ.”

ಬೈರಮ್ಮನ ಮುಖ ಅರಳಿತು. “ಅದೂ ಕೇಳ್ಬೇಕಾ? ನಮ್ ದೊಡ್ಡಪಿಳ್ಳಪ್ಪ.”

“ನಾಲ್ಕರಲ್ಲಿ ಆ ಹೆಸ್ರೇ ಇಲ್ಲ.” ಭವ್ಯ ಏನೋ ಒಂದನ್ನು ಒತ್ತಿದಳು. “ಯಾರೋ ಕರ್ನಲ್ ಹಾರ್ಡ್‌ವಿಕ್ ಅಂತೆ.”

ಅಜ್ಜಿ ದೊಡ್ಡ ಮೊಮ್ಮಗಳ ಕಡೆ ತಿರುಗಿದಳು. “ನೀನು ಅಲ್ಲೇ ಅಲ್ವೇನಮ್ಮಿ ಕೆಲ್ಸ ಮಾಡೋದು? ನಿಜಾನಾ?”

ಅಲ್ಲ ಎಂದರೆ, ಅದನ್ನು ಪಾಸು ಮಾಡಿದ್ದು ನಾನೇ ಎಂದೂ ಹೇಳಬೇಕಾಗುತ್ತಿತ್ತು. ಅಷ್ಟು ಮಾತಿಗೆ ಸುಕನ್ಯಳಲ್ಲಿ ತ್ರಾಣವಿರಲಿಲ್ಲ.

“ಹೂಂ ಅಜ್ಜಿ,” ಎಂದಳು.

ಬೈರಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟಳು. ಆಮೇಲೆ, “ಓದ್ದೋರು ನೀವು. ವಿಚಾರಿಸ್ದೆ ಹಾಕ್ತೀರಾ?” ಎಂದಳು. ಅದರಲ್ಲಿ ಕೊಂಕಿರಲಿಲ್ಲ, ನಂಬಿಕೆಯಿತ್ತು. “ಏನಂತೆ ಆವಯ್ಯನ ಹೆಸ್ರು? ನಿಧಾನಕ್ಕೆ ಹೇಳು, ಎಡೆ ಇಡೋವಾಗ ತಪ್ಬಾರ್ದು.”

ಸುಕನ್ಯ ಬಿಡಿಸಿ ಹೇಳಿಕೊಟ್ಟಳು. ಮೂರನೇ ಸಲಕ್ಕೆ ಅಜ್ಜಿಯ ಬಾಯಿಗೆ ಹೆಸರು ಹತ್ತಿತು.